ಗೀಳು ರೋಗಕ್ಕೆ ಮಾತ್ರೆಯಿದೆ, ಪಕ್ಕದಲ್ಲಿ ಕೂರುವ ನರ್ಸ್ ಎಲ್ಲಿದ್ದಾರೆ?

ಡೊಂಬಿವಲಿಯ ಒಂದು ಮನೆ. ಬೆಳಗಿನ ನಾಲ್ಕೂವರೆಗೆ ಬಚ್ಚಲಿನ ನಲ್ಲಿ ತಿರುಗುತ್ತದೆ. ತಿರುಗಿಸುವವರು ಮನೆಯ ಯಜಮಾನರು. ಧಾರವಾಡ ಕಡೆಯವರು, ನಿವೃತ್ತ ಬ್ಯಾಂಕ್ ನೌಕರರು. ಅವರ ಪತ್ನಿ ನಲ್ಲಿಯನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಕೈ ಮತ್ತೆ ತೊಳೆಯಬೇಕು, ತೊಳೆದ ಮೇಲೆ ನಲ್ಲಿ ನಿಲ್ಲಿಸಲು ಮತ್ತೆ ಮುಟ್ಟಬೇಕು. ಹಾಗಾಗಿ ಗಂಡ ನಲ್ಲಿ ತಿರುಗಿಸಿ ಟವೆಲ್ ಹಿಡಿದು ನಿಲ್ಲುತ್ತಾರೆ. "ನೋಡ್ರಿ, ಬಚ್ಚಲದ ನೀರು ನನ್ನ ಮ್ಯಾಲೆ ಸಿಡೀತೇನ್ರಿ?" ಎಂದು ಅವರು ಕೇಳುತ್ತಾರೆ. "ಇಲ್ಲ, ಸಿಡದಿಲ್ಲ" ಎಂದು ಇವರು ಹೇಳುತ್ತಾರೆ. ಎರಡು ನಿಮಿಷ ಬಿಟ್ಟು ಅದೇ ಪ್ರಶ್ನೆ, ಅದೇ ಉತ್ತರ. ಹಾಲಿನ ಪ್ಯಾಕೆಟ್ ಸೋಪಿನಲ್ಲಿ ತೊಳೆದೇ ಒಳಗೆ ಬರಬೇಕು. ಶಾಲೆಯಿಂದ ಬಂದ ಮೊಮ್ಮಗಳು ಬಾಗಿಲಲ್ಲೇ ಬಟ್ಟೆ ಬದಲಿಸಬೇಕು.

ಇದು ನನ್ನ ಗೆಳತಿಯ ತವರುಮನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ಆ ಮನೆಯಲ್ಲಿ ರೋಗಿಯ ಶುಶ್ರೂಷೆ ಮಾಡಿದವರು ಆ ಯಜಮಾನರು. ಒಂದು ದಿನವೂ ರಜೆ ಹಾಕಿದವರಲ್ಲ, ಗದರಿದವರಲ್ಲ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅವರ ಪ್ರತಿಯೊಂದು "ಇಲ್ಲ, ಸಿಡದಿಲ್ಲ" ರೋಗದ ಬೇರಿಗೆ ಒಂದು ತಂಬಿಗೆ ನೀರು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಯಾರು ಎಂಬುದೇ ಈ ಲೇಖನದ ವಿಷಯ.

ಸ್ವಚ್ಛತೆಯ ಹುಚ್ಚಲ್ಲ

'ನನಗೂ ಸ್ವಲ್ಪ ಒಸಿಡಿ ಇದೆ, ಮೇಜು ನೀಟಾಗಿರಬೇಕು' ಎನ್ನುವುದು ಈಗ ಆಫೀಸುಗಳಲ್ಲಿ ಸಾಮಾನ್ಯ ಮಾತು. ನಮ್ಮ ಡೆಸ್ಕಿನಲ್ಲೂ ಕೇಳಿದ್ದೇನೆ, ನಾನೂ ಆಡಿದ್ದೇನೆ. ಒಸಿಡಿ ಅಂದರೆ ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್, ಕನ್ನಡದಲ್ಲಿ ಗೀಳು ರೋಗ. ಇದರಲ್ಲಿ ಎರಡು ಭಾಗ. ಮೊದಲನೆಯದು, ಬೇಡವೆಂದರೂ ಮನಸ್ಸಿಗೆ ನುಗ್ಗುವ ಯೋಚನೆ ಅಥವಾ ಚಿತ್ರ: ಕೈಗೆ ಕೊಳೆ ಅಂಟಿದೆ, ಗ್ಯಾಸ್ ಆರಿಸಿಲ್ಲ, ದೇವರ ಬಗ್ಗೆ ಕೆಟ್ಟ ಮಾತು ಬಾಯಿಗೆ ಬಂದೀತು, ನನ್ನ ಕೈಯಿಂದಲೇ ಯಾರಿಗೋ ಅಪಾಯವಾದೀತು. ಎರಡನೆಯದು, ಆ ಸಂಕಟ ತಣಿಸಲು ಮಾಡಲೇಬೇಕಾದ ಕ್ರಿಯೆ: ತೊಳೆಯುವುದು, ಪರೀಕ್ಷಿಸುವುದು, ಎಣಿಸುವುದು, ಮನಸ್ಸಿನಲ್ಲೇ ಮಂತ್ರ ಹೇಳಿಕೊಳ್ಳುವುದು, ಪಕ್ಕದವರನ್ನು ಪದೇ ಪದೇ ಕೇಳುವುದು. ಕ್ರಿಯೆ ಮಾಡಿದ ಕೂಡಲೇ ಸ್ವಲ್ಪ ಹೊತ್ತು ಹಗುರ. ಆ ಹಗುರವೇ ಬಲೆ, ಏಕೆಂದರೆ ಮುಂದಿನ ಸಲ ಅದಿಲ್ಲದೆ ಇರಲಾಗುವುದಿಲ್ಲ. ಬಹುತೇಕ ರೋಗಿಗಳಿಗೆ ತಾವು ಮಾಡುತ್ತಿರುವುದು ಅತಿಯಾಯಿತು ಎಂದು ಗೊತ್ತಿರುತ್ತದೆ. ನಿಲ್ಲಿಸಲು ಆಗುವುದಿಲ್ಲ, ಅಷ್ಟೆ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 0.8ರಷ್ಟು ಮಂದಿಗೆ ಗೀಳು ರೋಗ ಕಂಡುಬಂತು. ಕೇಳಲು ಸಣ್ಣ ಸಂಖ್ಯೆ. ಆದರೆ ನೂರಿಪ್ಪತ್ತೈದು ವಯಸ್ಕರಿರುವ ಒಂದು ಹೌಸಿಂಗ್ ಸೊಸೈಟಿಯಲ್ಲಿ ಒಬ್ಬರು ಎಂದು ಲೆಕ್ಕ ಹಾಕಿ ನೋಡಿ. ಅದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತು, ಮಾನಸಿಕ ಕಾಯಿಲೆ ಇದ್ದವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರವೂ ಸುಳಿದಿಲ್ಲ. ಗೀಳು ರೋಗದಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಮಡಿಯಾಗಿರುವುದು, ಪೂಜೆಯನ್ನು ಮತ್ತೆ ಮತ್ತೆ ಮಾಡುವುದು ನಮ್ಮ ಮನೆಗಳಲ್ಲಿ ರೋಗದಂತೆ ಕಾಣುವುದಿಲ್ಲ. 'ನಮ್ಮ ಅತ್ತೆ ಬಹಳ ಆಚಾರವಂತೆ' ಎಂಬ ಹೊಗಳಿಕೆಯ ಅಡಿಯಲ್ಲಿ ಹತ್ತಾರು ವರ್ಷದ ನರಳಾಟ ಅಡಗಿರಬಹುದು. ಕೊರೊನಾ ಕಾಲದಲ್ಲಂತೂ ಇಡೀ ದೇಶವೇ ತರಕಾರಿ ತೊಳೆಯುತ್ತಿತ್ತು. ಗೆಳತಿಯ ತಾಯಿಗೆ ಅದು ಸಮಾಧಾನದ ಕಾಲ. ಎಲ್ಲರೂ ತನ್ನ ಹಾಗೆಯೇ ಆದರಲ್ಲ ಎಂದು.

ಚಿಕಿತ್ಸೆ ಹುಟ್ಟಿದ್ದೇ ನರ್ಸ್‌ಗಳ ಕೈಯಲ್ಲಿ

ಗೀಳು ರೋಗಕ್ಕೆ ಎರಡು ಬಗೆಯ ಚಿಕಿತ್ಸೆ ಗಟ್ಟಿಯಾಗಿ ನಿಂತಿವೆ. ಒಂದು ಔಷಧ. ಫ್ಲುಯಾಕ್ಸಿಟಿನ್, ಫ್ಲುವಾಕ್ಸಮೈನ್, ಸರ್ಟ್ರಾಲಿನ್, ಎಸ್ಸಿಟಲೊಪ್ರಾಮ್‌ನಂಥ ಮಾತ್ರೆಗಳು, ಹಳೆಯದಾದ ಕ್ಲೊಮಿಪ್ರಮಿನ್. ಇವು ನಮ್ಮ ದೇಶದಲ್ಲೇ ತಯಾರಾಗುತ್ತವೆ, ಬೆಲೆಯೂ ಕೈಗೆಟುಕುವಂಥದ್ದು. ಇನ್ನೊಂದು ಇಆರ್‌ಪಿ, ಅಂದರೆ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್. ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸುವುದು, ಆಮೇಲೆ ಮಾಡಬೇಕೆನಿಸುವ ಕ್ರಿಯೆಯನ್ನು ಮಾಡದೆ ಕಾಯುವುದು. ಸಂಕಟ ಏರುತ್ತದೆ, ಏರಿದ್ದು ತೊಳೆಯದಿದ್ದರೂ ಇಳಿಯುತ್ತದೆ. ಹೀಗೆ ದಿನವೂ ಮಾಡುತ್ತ ಹೋದರೆ ಏರುವುದೇ ಕಡಿಮೆಯಾಗುತ್ತದೆ.

ಈ ಎರಡನೆಯ ಚಿಕಿತ್ಸೆಯ ಚರಿತ್ರೆಯಲ್ಲಿ ನಾವು ಮರೆತಿರುವ ಒಂದು ಸಂಗತಿಯಿದೆ. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮನಃಶಾಸ್ತ್ರಜ್ಞ ವಿಕ್ಟರ್ ಮೇಯರ್, ಬೇರೆ ಚಿಕಿತ್ಸೆಗೆ ಬಗ್ಗದ ಇಬ್ಬರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ ವರದಿ ಬರೆದರು. ಚಿಂತನೆ ಮೇಯರ್ ಅವರದು, ಆದರೆ ಎಚ್ಚರವಿರುವಷ್ಟು ಹೊತ್ತೂ ರೋಗಿಯ ಪಕ್ಕದಲ್ಲಿದ್ದು ಕ್ರಿಯೆ ತಪ್ಪಿಸುತ್ತಿದ್ದವರು ವಾರ್ಡಿನ ನರ್ಸ್‌ಗಳು. ಬೇಕಾದಾಗ ಕೋಣೆಯ ನಲ್ಲಿಯ ನೀರನ್ನೇ ನಿಲ್ಲಿಸುತ್ತಿದ್ದರು. ಮುಂದೆ ಹೀಗೆ ಚಿಕಿತ್ಸೆ ಪಡೆದ 15 ಮಂದಿಯಲ್ಲಿ 10 ಮಂದಿ ಬಹಳ ಚೆನ್ನಾಗಿ ಸುಧಾರಿಸಿದರು, ಉಳಿದವರಿಗೂ ತಕ್ಕಮಟ್ಟಿಗೆ ಗುಣ ಕಂಡಿತು. ವರ್ಷಗಳ ನಂತರ ನೋಡಿದಾಗ ರೋಗ ಮರಳಿದ್ದು ಇಬ್ಬರಿಗೆ ಮಾತ್ರ. ಗೀಳು ರೋಗ ವಾಸಿಯಾಗದ್ದು ಎಂದೇ ನಂಬಿದ್ದ ಕಾಲ ಅದು.

ಇದರ ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. 1970ರ ದಶಕದ ಆರಂಭದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಮನೋವೈದ್ಯ ಐಸಾಕ್ ಮಾರ್ಕ್ಸ್, ನರ್ಸ್‌ಗಳಿಗೇ ಪೂರ್ಣಪ್ರಮಾಣದ ವರ್ತನಾ ಚಿಕಿತ್ಸೆಯ ತರಬೇತಿ ಕೊಟ್ಟರು. ವೈದ್ಯರ ಸಹಾಯಕರಾಗಿ ಅಲ್ಲ, ತಾವೇ ರೋಗಿಯನ್ನು ನೋಡುವ ಚಿಕಿತ್ಸಕರಾಗಿ. ಆ ನರ್ಸ್‌ಗಳ ಫಲಿತಾಂಶ ಮನೋವೈದ್ಯರು ಮತ್ತು ಮನಃಶಾಸ್ತ್ರಜ್ಞರ ಫಲಿತಾಂಶಕ್ಕೆ ಸರಿಸಮನಾಗಿತ್ತು. ಬ್ರಿಟನ್ನಿನಲ್ಲಿ ನರ್ಸ್ ಥೆರಪಿಸ್ಟ್ ಎಂಬ ವೃತ್ತಿ ಬೆಳೆದದ್ದು ಹೀಗೆ.

ಅರ್ಧ ಶತಮಾನದ ಹಿಂದೆ ಸಾಬೀತಾದ ಸಂಗತಿ ಇದು. ನಮ್ಮಲ್ಲಿ ಈಗಲೂ ಇಆರ್‌ಪಿ ಎಂದರೆ ದೊಡ್ಡ ಊರಿನ ಖಾಸಗಿ ಕ್ಲಿನಿಕ್‌ನಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಪಡೆಯುವ ಸೇವೆ, ಇಲ್ಲವೇ ಕೆಲವೇ ದೊಡ್ಡ ಸರ್ಕಾರಿ ಸಂಸ್ಥೆಗಳಲ್ಲಿ ಸರದಿ ಕಾಯ್ದು ಪಡೆಯುವ ಸೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ತೀವ್ರ ರೋಗಿಗಳನ್ನು ದಾಖಲಿಸಿಕೊಂಡು ವಾರಗಟ್ಟಲೆ ದಿನನಿತ್ಯ ಚಿಕಿತ್ಸೆ ಕೊಡುವ ವ್ಯವಸ್ಥೆಯೂ ಇದೆ. ಆದರೆ ಎಲ್ಲರೂ ಬೆಂಗಳೂರಿಗೆ ಹೋಗಿ ತಿಂಗಳು ಕೂರಲಾಗದು.

ವಾರ್ಡಿನಲ್ಲಿ ನಿಜವಾಗಿ ನಡೆಯಬೇಕಾದ್ದು

ಗೀಳು ರೋಗದ ಶುಶ್ರೂಷೆ ಎಂದರೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು ಎಂದುಕೊಂಡರೆ ಅರ್ಧ ಕೆಲಸವೂ ಆಗಲಿಲ್ಲ. ಮಾತ್ರೆಯ ವಿಷಯದಲ್ಲೇ ನರ್ಸ್‌ಗೆ ಹೇಳಲು ಬೇಕಾದಷ್ಟಿದೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಇಲ್ಲಿ ಬೇಕಾಗುವುದುಂಟು. ಪೂರ್ಣ ಪರಿಣಾಮ ಕಾಣಲು ಹತ್ತು ಹನ್ನೆರಡು ವಾರ ಹಿಡಿಯಬಹುದು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದೇ ಕಾಣಿಸುತ್ತದೆ, ಗುಣ ಕಾಣಿಸುವುದಿಲ್ಲ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮೂರನೇ ವಾರಕ್ಕೆ ಮಾತ್ರೆ ಕಸದಬುಟ್ಟಿ ಸೇರುತ್ತದೆ. ಮಾತ್ರೆಯ ಮೇಲೇ ಕೊಳೆಯ ಅನುಮಾನ ಬಂದು ಅದನ್ನು ತೊಳೆದು ಕರಗಿಸಿಬಿಡುವ ರೋಗಿಗಳೂ ಇರುತ್ತಾರೆ.

ದಾಖಲಾದ ಮೊದಲ ದಿನವೇ ನಲ್ಲಿ ಬಂದ್ ಮಾಡುವುದು ಇಂದಿನ ಪದ್ಧತಿಯಲ್ಲ. ಮೊದಲು ನೋಡುವುದು, ಬರೆದುಕೊಳ್ಳುವುದು. ಎಷ್ಟು ಹೊತ್ತಿಗೆ, ಎಷ್ಟು ಸಲ, ಯಾವುದರ ನಂತರ. ಯೇಲ್-ಬ್ರೌನ್ ಮಾಪಕ ಎಂಬ ಹತ್ತು ಪ್ರಶ್ನೆಗಳ ಅಳತೆಯಿದೆ, ಒಟ್ಟು ಅಂಕ 40. ರೋಗಕ್ಕೆ ದಿನದ ಎಷ್ಟು ಹೊತ್ತು ಹೋಗುತ್ತಿದೆ, ಎಷ್ಟು ತಡೆಯಲು ಸಾಧ್ಯ ಎಂಬುದನ್ನು ಅದು ಕೇಳುತ್ತದೆ. ತರಬೇತಿಯಿದ್ದರೆ ನರ್ಸ್‌ಗಳು ಇದನ್ನು ಚೆನ್ನಾಗಿಯೇ ಬಳಸಬಲ್ಲರು. ಆರಂಭದ ದಿನಗಳಲ್ಲಿ ಕ್ರಿಯೆಗೆ ಸಮಯ ಬಿಟ್ಟುಕೊಡಬೇಕಾಗುತ್ತದೆ. ಸ್ನಾನಕ್ಕೆ ಎರಡು ಗಂಟೆ ತೆಗೆದುಕೊಳ್ಳುವವರನ್ನು ಎರಡು ಗಂಟೆ ಮೊದಲೇ ಎಬ್ಬಿಸದಿದ್ದರೆ ತಿಂಡಿ ತಪ್ಪುತ್ತದೆ, ಆಮೇಲೆ ಮಾತ್ರೆಯೂ ತಪ್ಪುತ್ತದೆ. ಆಮೇಲೆ ರೋಗಿಯ ಜೊತೆ ಕೂತು, ಒಪ್ಪಿಗೆಯ ಮೇಲೆ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬರುವುದು.

ಇದರ ಜೊತೆಗೆ ಮೈಯ ಆರೈಕೆ. ತೊಳೆದು ತೊಳೆದು ಬಿರಿದ ಕೈಗೆ ಮುಲಾಮು. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟವರಿದ್ದರೆ ಅದರ ಲೆಕ್ಕ. ನಿದ್ದೆ. ತೂಕ. ಎಲ್ಲಕ್ಕಿಂತ ಮುಖ್ಯವಾಗಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದು. ಗೀಳು ರೋಗಿಗಳು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ ಎಂಬ ಹಳೆಯ ನಂಬಿಕೆ ಸುಳ್ಳು ಎಂದು ಈಗ ಗೊತ್ತಾಗಿದೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಉತ್ತರ ಕೊಡದಿರುವುದು. "ಸಿಸ್ಟರ್, ಈ ಬೆಡ್‌ಶೀಟ್ ಒಗೆದದ್ದೇನಾ?" ಒಂದು ಸಲ ಕೇಳಿದರೆ ಅದು ಪ್ರಶ್ನೆ, ಹತ್ತನೇ ಸಲ ಕೇಳಿದರೆ ಅದೇ ಕಂಪಲ್ಷನ್. ಹತ್ತನೇ ಸಲವೂ "ಹೌದಮ್ಮ" ಎಂದರೆ ಕೈ ತೊಳೆಯಲು ನೀರು ಕೊಟ್ಟ ಹಾಗೆಯೇ. ಗದರಿದರೆ ರೋಗಿ ಕುಗ್ಗುತ್ತಾರೆ. ನಡುವಿನ ದಾರಿ, ಸಂಕಟವನ್ನು ಒಪ್ಪಿಕೊಂಡು ಖಾತರಿಯನ್ನು ಕೊಡದಿರುವುದು: "ಕಷ್ಟ ಆಗುತ್ತಿದೆ ಅಂತ ಗೊತ್ತು, ಇದಕ್ಕೆ ನಾನು ಉತ್ತರ ಹೇಳುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವಲ್ಲ, ಬನ್ನಿ, ಸ್ವಲ್ಪ ಹೊತ್ತು ನಿಮ್ಮ ಜೊತೆ ಕೂರುತ್ತೇನೆ." ಇದನ್ನು ಬೆಳಗಿನ ಪಾಳಿಯವರು ಹೇಳಿ, ರಾತ್ರಿ ಪಾಳಿಯವರು 'ಪಾಪ' ಎಂದು ಉತ್ತರ ಕೊಟ್ಟರೆ ಇಡೀ ದಿನದ ಶ್ರಮ ನೀರಲ್ಲಿ ಹೋಮ. ಮೂರು ಪಾಳಿಯೂ ಒಂದೇ ಮಾತು ಆಡಬೇಕು. ನಲವತ್ತು ಹಾಸಿಗೆಗೆ ಇಬ್ಬರು ನರ್ಸ್ ಇರುವ ವಾರ್ಡಿನಲ್ಲಿ ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ. ಹಾಗಾಗಿಯೇ ನಡೆಯುತ್ತಿಲ್ಲ.

ಬಾಣಂತಿ ಹೇಳಿದ ಒಂದು ಮಾತು

ತರಬೇತಿ ಇರುವ ನರ್ಸ್‌ಗೂ ಇಲ್ಲದ ನರ್ಸ್‌ಗೂ ಇರುವ ವ್ಯತ್ಯಾಸ ಬಯಲಾಗುವುದು ಮನೋವೈದ್ಯಕೀಯ ವಾರ್ಡಿನಲ್ಲಲ್ಲ, ಹೆರಿಗೆ ವಾರ್ಡಿನಲ್ಲಿ. ಹೆರಿಗೆಯ ನಂತರದ ವಾರಗಳು ಗೀಳು ರೋಗ ಶುರುವಾಗುವ ಅಥವಾ ಉಲ್ಬಣಿಸುವ ಕಾಲಗಳಲ್ಲಿ ಒಂದು. ಒಬ್ಬ ಬಾಣಂತಿ ನಡುರಾತ್ರಿ ಸಿಸ್ಟರ್ ಹತ್ತಿರ ಬಂದು ಹೇಳುತ್ತಾಳೆ: "ಮಗುವನ್ನು ಎತ್ತಿಕೊಂಡು ಕಿಟಕಿ ಹತ್ತಿರ ಹೋದರೆ, ಎಸೆದುಬಿಡುತ್ತೇನೇನೋ ಅನ್ನಿಸುತ್ತೆ." ಕೇಳಿದವರ ಎದೆ ಧಸಕ್ಕೆನ್ನದೆ ಇರದು.

ಇಲ್ಲಿ ಎರಡು ಸಾಧ್ಯತೆಗಳಿವೆ. ಬಾಣಂತಿ ಸನ್ನಿ ಎನ್ನುತ್ತೇವಲ್ಲ, ಆ ಸೈಕೋಸಿಸ್‌ನಲ್ಲಿ ವಾಸ್ತವದ ಹಿಡಿತ ತಪ್ಪಿರುತ್ತದೆ. ಅದು ತುರ್ತು ಪರಿಸ್ಥಿತಿ, ಮಗುವಿಗೆ ನಿಜವಾದ ಅಪಾಯ. ಗೀಳು ರೋಗದಲ್ಲಿ ಹಾಗಲ್ಲ. ಆ ಯೋಚನೆ ಬಂದದ್ದಕ್ಕೇ ತಾಯಿ ನಡುಗುತ್ತಿರುತ್ತಾಳೆ, ಕಿಟಕಿಯ ಹತ್ತಿರ ಸುಳಿಯುವುದನ್ನೇ ಬಿಟ್ಟಿರುತ್ತಾಳೆ, ಅಡುಗೆಮನೆಯ ಚಾಕು ಬಚ್ಚಿಟ್ಟಿರುತ್ತಾಳೆ. ಆ ಯೋಚನೆ ಅವಳ ಇಚ್ಛೆಗೆ ಪೂರ್ತಿ ವಿರುದ್ಧ. ಗೀಳು ಯೋಚನೆಯನ್ನು ತಾಯಿ ಕೃತಿಗಿಳಿಸುವ ಸಂಭವ ತೀರಾ ಕಡಿಮೆ ಎಂಬುದು ತಜ್ಞರ ಒಮ್ಮತ. ಈ ಎರಡನ್ನು ಬೇರ್ಪಡಿಸಲು ಕೆಲವು ಸರಳ ಪ್ರಶ್ನೆಗಳು ಸಾಕು: ಆ ಯೋಚನೆ ಬಂದಾಗ ಏನನ್ನಿಸುತ್ತದೆ, ಬೇಕೆಂದು ಬರುತ್ತದೆಯೇ, ಯಾರಾದರೂ ಹಾಗೆ ಮಾಡು ಎಂದು ಹೇಳಿದಂತೆ ಕೇಳಿಸುತ್ತದೆಯೇ, ತಪ್ಪಿಸಲು ಏನು ಮಾಡುತ್ತೀರಿ. ಅನುಮಾನ ಉಳಿದರೆ ಮನೋವೈದ್ಯರಿಗೆ ತಕ್ಷಣ ಕರೆ.

ಪ್ರಶ್ನೆ ಕೇಳದೆ ಮಗುವನ್ನು ಕಿತ್ತುಕೊಂಡು ಅತ್ತೆಯ ಕೈಗೆ ಕೊಟ್ಟು, "ಇವಳ ಹತ್ತಿರ ಬಿಡಬೇಡಿ" ಎಂದರೆ? ತಾಯಿಗೆ ತಾನು ಕೊಲೆಗಾರ್ತಿ ಎಂಬ ಭಯಕ್ಕೆ ಆಸ್ಪತ್ರೆಯ ಮುದ್ರೆ ಬಿದ್ದ ಹಾಗೆ. ಮುಂದೆ ಅವಳು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಒಟ್ಟಿಗೇ ದಾಖಲಿಸಿ ಚಿಕಿತ್ಸೆ ಕೊಡುವ ಘಟಕವನ್ನು ನಿಮ್ಹಾನ್ಸ್ 2009ರಲ್ಲೇ ಶುರು ಮಾಡಿದೆ. ಅಂಥ ಘಟಕಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಹೆರಿಗೆ ವಾರ್ಡಿನ ನಡುರಾತ್ರಿಯ ಆ ಸಿಸ್ಟರ್ ಮಾತ್ರ ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ.

ಕಾನೂನಿನ ಒಂದು 'ಅಥವಾ'

ಹಾಗಾದರೆ ನಮ್ಮಲ್ಲಿ ಮಾನಸಿಕ ಆರೋಗ್ಯ ನರ್ಸ್ ಎಂದರೆ ಯಾರು? 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ವ್ಯಾಖ್ಯೆ ಕೊಟ್ಟಿದೆ. ಸಾಮಾನ್ಯ ನರ್ಸಿಂಗ್‌ನಲ್ಲಿ ಡಿಪ್ಲೊಮಾ ಅಥವಾ ಪದವಿ ಇದ್ದವರು, ಅಥವಾ ಮನೋವೈದ್ಯಕೀಯ ನರ್ಸಿಂಗ್‌ನಲ್ಲಿ ಡಿಪ್ಲೊಮಾ ಅಥವಾ ಪದವಿ ಇದ್ದವರು. ನಡುವಿನ ಆ 'ಅಥವಾ' ಗಮನಿಸಿ. ವಿಶೇಷ ತರಬೇತಿ ಪಡೆದವರೂ ಪಡೆಯದವರೂ ಕಾನೂನಿನ ಕಣ್ಣಲ್ಲಿ ಒಂದೇ. ಇದಕ್ಕೆ ಕಾರಣವೂ ಇಲ್ಲದಿಲ್ಲ: ವಿಶೇಷ ತರಬೇತಿ ಕಡ್ಡಾಯ ಮಾಡಿದರೆ ಹುದ್ದೆಗಳೇ ಖಾಲಿ ಬೀಳುತ್ತವೆ. ಮನೋವೈದ್ಯಕೀಯ ನರ್ಸಿಂಗ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ, ಎಂ.ಎಸ್ಸಿ. ಎಲ್ಲವೂ ಇವೆ. ಆದರೆ ಓದಿ ಬಂದವರಿಗೆ ಅದೇ ವಾರ್ಡಿನಲ್ಲಿ ಕೆಲಸ ಸಿಗುತ್ತದೆಂಬ ಖಾತರಿಯಿಲ್ಲ. ಸಾಮಾನ್ಯ ಆಸ್ಪತ್ರೆಗಳಲ್ಲಿ ನರ್ಸ್‌ಗಳನ್ನು ವಾರ್ಡಿನಿಂದ ವಾರ್ಡಿಗೆ ಬದಲಿಸುವುದು ರೂಢಿ. ಇಂದು ಮನೋವೈದ್ಯಕೀಯ, ಆರು ತಿಂಗಳಿಗೆ ಸರ್ಜರಿ.

ಈ ಕಾಯ್ದೆಗೆ ಸ್ವಲ್ಪ ನ್ಯಾಯವನ್ನೂ ಒದಗಿಸಬೇಕು. ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದು ವಿಮಾ ಕಂಪನಿಗಳಿಗೆ ಹೇಳಿತು. ಆದರೆ ನಮ್ಮ ಸಾಮಾನ್ಯ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ. ಗೀಳು ರೋಗದ ಚಿಕಿತ್ಸೆಯ ಹೆಚ್ಚಿನ ಭಾಗ ನಡೆಯುವುದು ಹೊರರೋಗಿಯಾಗಿ, ವಾರಕ್ಕೊಂದು ಕೂಟದಂತೆ. ಸಮಾನತೆ ಕಾಗದದ ಮೇಲಿದೆ, ಬಿಲ್ ಕೈಯಲ್ಲಿದೆ.

ಸಂಸತ್ತಿನ ಸ್ಥಾಯಿ ಸಮಿತಿ 2023ರ ವರದಿಯಲ್ಲಿ ದೇಶದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರಿದ್ದಾರೆ ಎಂದಿತು. ಬೇಕಾದದ್ದು ಮೂವರು. ಮನೋವೈದ್ಯರ ಸಂಖ್ಯೆ ನಾಲ್ಕು ಪಟ್ಟಾಗಲು ಎಷ್ಟು ವರ್ಷ ಬೇಕು, ಲೆಕ್ಕ ಹಾಕಿ. ಅಷ್ಟರೊಳಗೆ ಮಾಡಬಹುದಾದ ಕೆಲಸವೆಂದರೆ ಮಾರ್ಕ್ಸ್ ಮಾಡಿದ್ದು. ಅದಕ್ಕೆ ಬೇಕಾದ ಚೌಕಟ್ಟು ನಮ್ಮಲ್ಲಿ ಇಲ್ಲವೆಂದಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಈಗ ಅದು 767 ಜಿಲ್ಲೆಗಳಿಗೆ ಮಂಜೂರಾಗಿದೆ. ಪ್ರತಿ ಜಿಲ್ಲಾ ತಂಡದಲ್ಲೂ ಮನೋವೈದ್ಯಕೀಯ ನರ್ಸ್ ಹುದ್ದೆಯಿದೆ. ಪಕ್ಕದಲ್ಲಿ ಕೂರುವ ಚಿಕಿತ್ಸೆಯನ್ನು ಅವರಿಗೆ ಕಲಿಸಿ, ಅದನ್ನು ಮಾಡುವ ಹೊತ್ತನ್ನೂ ಕೊಟ್ಟರೆ ಚಿತ್ರ ಬೇರೆಯಾಗುತ್ತದೆ. ಈಗ ಅವರ ದಿನದ ಬಹುಪಾಲು ರಿಜಿಸ್ಟರ್ ತುಂಬುವುದರಲ್ಲಿ ಮತ್ತು ಶಿಬಿರಗಳಲ್ಲಿ ಹೋದರೆ ತಪ್ಪು ಅವರದಲ್ಲ.

ಅಂದಹಾಗೆ, ನರ್ಸಿಂಗ್ ಕ್ಷೇತ್ರದಲ್ಲಿ ಈಗ ದೊಡ್ಡ ಬದಲಾವಣೆಯ ಕಾಲ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆಯೋಗದ ಕಾಯ್ದೆ ಬಂತು. ಅದೇ ವರ್ಷ ಕೇಂದ್ರ ಸಂಪುಟ 1,570 ಕೋಟಿ ರೂಪಾಯಿಯಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ ಸುಮಾರು 15,700 ಪದವೀಧರರು ಹೆಚ್ಚುವರಿಯಾಗಿ ಹೊರಬರುತ್ತಾರೆ ಎಂಬುದು ಸರ್ಕಾರದ ಲೆಕ್ಕ. ಸಂತೋಷ. ಆದರೆ ಇವರಲ್ಲಿ ಎಷ್ಟು ಜನ, ಹತ್ತನೇ ಸಲ ಅದೇ ಪ್ರಶ್ನೆ ಬಂದಾಗ ಉತ್ತರ ಕೊಡದೆ ಪಕ್ಕದಲ್ಲಿ ಕೂರುವುದನ್ನು ಕಲಿತು ಬರುತ್ತಾರೆ? ಪಠ್ಯದಲ್ಲಿ ಮಾನಸಿಕ ಆರೋಗ್ಯದ ವಿಷಯವಿದೆ, ಮಾನಸಿಕ ಆಸ್ಪತ್ರೆಯಲ್ಲಿ ಕೆಲವು ವಾರಗಳ ಪೋಸ್ಟಿಂಗ್ ಇದೆ. ಅಷ್ಟರಲ್ಲಿ ಒಬ್ಬ ಗೀಳು ರೋಗಿಯ ಚಿಕಿತ್ಸೆಯನ್ನು ಆರಂಭದಿಂದ ಕೊನೆಯವರೆಗೆ ನೋಡುವುದು ಅದೃಷ್ಟದ ಮಾತು. ಹೊಸ ಆಯೋಗ ಪಠ್ಯವನ್ನು ಮುಟ್ಟುವುದಾದರೆ ಮುಟ್ಟಬೇಕಾದ ಜಾಗ ಇದು.

ಎಂಜಲು ಬೇರೆ, ಮುಸುರೆ ಬೇರೆ

ಮತ್ತೆ ಡೊಂಬಿವಲಿಗೆ ಬರೋಣ. ಆರು ವರ್ಷ ಮಾತ್ರೆ ತೆಗೆದುಕೊಂಡರೂ ಅರ್ಧಕ್ಕೆ ನಿಂತಿದ್ದ ಗುಣ, ಕಳೆದ ವರ್ಷ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಐದು ವಾರ ದಾಖಲಾದಾಗ ಮುಂದೆ ಸರಿಯಿತು. ಇಆರ್‌ಪಿಯಲ್ಲಿ ಮೊದಲ ಕೆಲಸ ಭಯದ ಏಣಿ ಮಾಡುವುದು. ಯಾವುದಕ್ಕೆ ಕಡಿಮೆ ಸಂಕಟ, ಯಾವುದಕ್ಕೆ ಹೆಚ್ಚು ಎಂದು ನೂರರಲ್ಲಿ ಅಂಕ ಕೊಟ್ಟು ಮೆಟ್ಟಿಲು ಜೋಡಿಸುವುದು, ಕೆಳಗಿನ ಮೆಟ್ಟಿಲಿನಿಂದ ಹತ್ತುವುದು. ಚಿಕಿತ್ಸಕರು ಹಿಂದಿಯಲ್ಲಿ ಕೇಳಿದರು, ಇವರು ಗೊತ್ತಿದ್ದಷ್ಟು ಹಿಂದಿಯಲ್ಲಿ ಹೇಳಿದರು. ಎಲ್ಲವೂ 'ಗಂದಗಿ' ಎಂಬ ಒಂದೇ ಪದದಲ್ಲಿ ಮುಗಿಯಿತು. ಏಣಿ ಮಾಡಿದರೂ ಮೊದಲ ಮೆಟ್ಟಿಲಲ್ಲೇ ಇವರು ಕುಸಿದರು.

ಅದೇ ವಾರ್ಡಿನಲ್ಲಿ ಕುಂದಾಪುರ ಕಡೆಯ ಒಬ್ಬ ನರ್ಸ್ ಇದ್ದರು. ಮುಂಬಯಿಯ ಆಸ್ಪತ್ರೆಗಳಲ್ಲಿ ಕರಾವಳಿಯ ನರ್ಸ್‌ಗಳು ಹೊಸಬರಲ್ಲ. ಮಧ್ಯಾಹ್ನ ಪಕ್ಕದಲ್ಲಿ ಕೂತು ಅವರು ಕೇಳಿದ್ದು ಇಷ್ಟೆ: "ಅಮ್ಮಾ, ನಿಮಗೆ ಜಾಸ್ತಿ ಕಷ್ಟ ಯಾವುದು? ಎಂಜಲಾ, ಮುಸುರೆಯಾ, ಬಚ್ಚಲ ನೀರಾ?" ಆಗ ಮಾತು ಹೊರಬಂತು. ಎಂಜಲು ಮೂವತ್ತು, ಮುಸುರೆ ಐವತ್ತು, ಬಚ್ಚಲ ನೀರು ಎಂಬತ್ತು, ಸೂತಕದ ಮನೆಯಿಂದ ಬಂದವರ ಚಪ್ಪಲಿ ನೂರು. ಚಿಕಿತ್ಸಕರು ಮೊದಲ ಮೆಟ್ಟಿಲೆಂದು ಕೊಟ್ಟಿದ್ದು ಬಚ್ಚಲ ನಲ್ಲಿ! ಮರುದಿನ ಏಣಿ ಹೊಸದಾಗಿ ಬರೆಯಲ್ಪಟ್ಟಿತು. ಚಿಕಿತ್ಸಕರೂ ಅದನ್ನು ಖುಷಿಯಿಂದಲೇ ಒಪ್ಪಿದರು ಎಂದು ಗೆಳತಿ ಹೇಳಿದಳು.

ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ, ದಿಲ್ಲಿಯಲ್ಲಿರುವ ನಮ್ಮವರಿಗೆ ಇದು ಸಣ್ಣ ವಿಷಯವಲ್ಲ. ಎರಡನೇ ತಲೆಮಾರು ಮರಾಠಿ, ತಮಿಳಿನಲ್ಲಿ ಸಲೀಸಾಗಿ ಮಾತಾಡುತ್ತದೆ, ಆದರೆ ಅಪ್ಪ ಅಮ್ಮನ ಭಯ ಕನ್ನಡದಲ್ಲೇ ಇರುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡುತ್ತದೆ. ಮೊದಲ ಹೆಜ್ಜೆಗೆ ಅದು ಒಳ್ಳೆಯ ದಾರಿ. ಏಣಿ ಹತ್ತಿಸಲು ಮಾತ್ರ ಎದುರಿಗೆ ಮನುಷ್ಯರು ಬೇಕು.

ಈ ಪದಗಳ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆ. ಮಡಿ ಮೈಲಿಗೆಗೆ ಜಾತಿಯ ಚರಿತ್ರೆಯಿದೆ. "ಇವರು ತಂದ ನೀರು ಬೇಡ" ಎಂದು ರೋಗಿ ಹೇಳಿದಾಗ ಅದು ರೋಗವೋ, ರೋಗದ ಸೆರಗು ಹಿಡಿದು ಬಂದ ಹಳೆಯ ಅಹಂಕಾರವೋ ಎಂಬ ಪ್ರಶ್ನೆ ನೀರು ತಂದ ನರ್ಸ್‌ನ ಮುಂದೆ ನಿಲ್ಲುತ್ತದೆ. ಗೀಳು ಸಾಮಾನ್ಯವಾಗಿ ಯಾರನ್ನೂ ಬಿಡುವುದಿಲ್ಲ, ಸ್ವಂತ ಮೊಮ್ಮಗಳ ಕೈಯೂ ಬೇಡವಾಗುತ್ತದೆ. ಒಬ್ಬರ ಕೈ ಮಾತ್ರ ಬೇಡವಾದರೆ ಅದನ್ನು ಬೇರೆ ಹೆಸರಿನಿಂದ ಕರೆಯಬೇಕು. ರೋಗಿಗೆ ಕರುಣೆ ತೋರಿಸಿ ಎಂದು ನರ್ಸ್‌ಗೆ ಪಾಠ ಹೇಳುವ ನಾವು, ಆಕೆಯ ಮಾನಕ್ಕೆ ಆಸ್ಪತ್ರೆ ಏನು ವ್ಯವಸ್ಥೆ ಮಾಡಿದೆ ಎಂದು ಕೇಳುವುದು ಕಡಿಮೆ.

ಮನೆಯವರನ್ನು ಯಾರು ತಿದ್ದುತ್ತಾರೆ?

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್, ರೋಗಿಗಳ ಮನೆಯವರನ್ನು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿ ಉಳಿಸಿಕೊಂಡಿದ್ದರು. ರೋಗಿಯ ಜೊತೆ ಮನೆಯವರೂ ಇರುವುದು ಅಂದಿನಿಂದ ನಮ್ಮ ಮನೋವೈದ್ಯಕೀಯದ ಗುಣ. ಗೀಳು ರೋಗದಲ್ಲಿ ಇದೇ ಎರಡು ಅಲಗಿನ ಕತ್ತಿ. ಮನೆಯವರು ಪ್ರೀತಿಯಿಂದಲೇ ರೋಗದ ನಿಯಮ ಪಾಲಿಸುತ್ತ ಹೋಗುತ್ತಾರೆ. ಅವರು ಒಮ್ಮೆಲೇ ಕೈ ಹಿಂತೆಗೆದರೆ ರಂಪ, ತೆಗೆಯದಿದ್ದರೆ ರೋಗಕ್ಕೆ ಊಟ. ಎಷ್ಟು, ಯಾವಾಗ, ಯಾವ ಮಾತಿನಲ್ಲಿ ಹಿಂತೆಗೆಯಬೇಕು ಎಂದು ಕಲಿಸುವ ಹೊತ್ತು ಹೊರರೋಗಿ ವಿಭಾಗದ ವೈದ್ಯರಿಗೆ ಇರುವುದಿಲ್ಲ. ಇದು ನೂರಕ್ಕೆ ನೂರು ನರ್ಸಿಂಗ್ ಕೆಲಸ.

ಡೊಂಬಿವಲಿಯ ಯಜಮಾನರಿಗೆ ಡಿಸ್ಚಾರ್ಜ್ ದಿನ ಇಂಗ್ಲಿಷಿನ ಸಾರಾಂಶ ಪತ್ರ ಸಿಕ್ಕಿತು. ಅದರ ಹಿಂಬದಿಗೆ ಕುಂದಾಪುರದ ಆ ನರ್ಸ್ ಪೆನ್ನಿನಲ್ಲಿ ಮೂರು ಸಾಲು ಬರೆದುಕೊಟ್ಟಿದ್ದರು. ನಲ್ಲಿಯನ್ನು ಅವರೇ ತಿರುಗಿಸಲಿ. ಸಿಡಿಯಿತೇ ಎಂದು ಕೇಳಿದರೆ ಒಂದು ಸಲ ಉತ್ತರ, ಎರಡನೇ ಸಲಕ್ಕೆ 'ನಾವು ಮಾತಾಡಿಕೊಂಡಿದ್ದೇವಲ್ಲ' ಎನ್ನಿ. ಅವರು ಅತ್ತರೆ ಪಕ್ಕದಲ್ಲಿ ಕೂರಿ, ಟವೆಲ್ ಕೊಡಬೇಡಿ.

ಆ ಕಾಗದ ಈಗಲೂ ಅವರ ಫ್ರಿಜ್ ಮೇಲಿದೆ. ಬೆಳಗಿನ ಸ್ನಾನ ಎರಡು ಗಂಟೆಯಿಂದ ಮೂವತ್ತೈದು ನಿಮಿಷಕ್ಕೆ ಇಳಿದಿದೆ, ಕೆಟ್ಟ ದಿನಗಳಲ್ಲಿ ಒಂದು ಗಂಟೆ. ಕಳೆದ ತಿಂಗಳು ಫಾಲೋಅಪ್‌ಗೆ ಹೋದಾಗ ಆ ನರ್ಸ್‌ಗೆ ಕೊಡಲೆಂದು ಅವರು ಧಾರವಾಡ ಪೇಢೆಯ ಡಬ್ಬಿ ಒಯ್ದಿದ್ದರು. ವಾರ್ಡಿನಲ್ಲಿ ವಿಚಾರಿಸಿದರೆ, ಅವರನ್ನು ಎರಡು ತಿಂಗಳ ಹಿಂದೆಯೇ ಮೂಳೆ ವಿಭಾಗಕ್ಕೆ ಬದಲಿಸಿದ್ದಾರೆ ಎಂದರು.